ತಿರುವಿ ಹಾಕಿದ ಕಾಲರ್

ಪುಸ್ತಕ ಕಟ್ಟುವ ಬೈಂಡರನ ನೀಲಿ ಅಂಗಿಯ ಕಾಲರ್ ಮಡಿಕೆಯಲ್ಲಿ ಸವೆದು ನೂಲು ಎದ್ದಿದ್ದನ್ನು ಮೊದಲು ನೋಡಿದವಳು ಅವನ ಹೆಂಡತಿ. ಅತ್ತಿಗೆಯ ಕಣ್ಣಿಗೆ ಬೀಳುವ ಮೊದಲೇ ಸರಿ ಮಾಡಿಬಿಡಬೇಕೆಂದು ಆ ಮಧ್ಯಾಹ್ನವೇ ಕಿಟಕಿಯ ಬಳಿ ಅಂಗಿಯನ್ನು ತೊಡೆಯ ಮೇಲೆ ಹರವಿ ಕೂತಳು.

ಅತ್ತಿಗೆ ಎಂದರೆ ಗಂಡನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಮನೆ ಪಕ್ಕದ ಬೀದಿಯಲ್ಲೇ. ಅವನು ಅಲ್ಲಿಗೆ ನೀರು ಕುಡಿಯಲು ಹೋದರೂ ಗುಂಡಿ ಬಿಗಿ ಮಾಡಿಸಿಕೊಂಡು ಬರುತ್ತಿದ್ದ. ಒಮ್ಮೆ ಪ್ಯಾಂಟಿನ ಮೊಣಕಾಲಿನ ಹರಕು ಮಾಯವಾಗಿತ್ತು. ಹೆಂಡತಿ ಬೆಳಕಿಗೆ ಹಿಡಿದು ನೋಡಿದ ಮೇಲಷ್ಟೇ ರಫು ಕಂಡಿತು. ಅಕ್ಕನ ಕೈ ಎಂದರೆ ಹಾಗೆ ಎಂದು ಅವನು ಹಲ್ಲು ಕಿಸಿದ. ಅಂದಿನ ಅಡುಗೆಗೆ ಉಪ್ಪು ಬೀಳಲಿಲ್ಲ.

ಅವಳೇನು ಕೈಲಾಗದವಳಲ್ಲ. ನಡುವೆ ಸವೆದ ಹಾಸಿಗೆಯ ಹೊದಿಕೆಯನ್ನು ಉದ್ದಕ್ಕೆ ಸೀಳಿ, ಗಟ್ಟಿಯಿದ್ದ ಅಂಚುಗಳನ್ನು ನಡುವಿಗೆ ತಂದು ಕೂಡಿಸಿದ್ದಳು. ಹಳೆಯ ಪರದೆಯಲ್ಲಿ ದಿಂಬಿನ ಚೀಲ ಹೊಲಿದಿದ್ದಳು. ಆದರೆ ಹೊದಿಕೆಯನ್ನು ಹಾಕಿಕೊಂಡು ಬೀದಿಗೆ ಹೋಗುವವರು ಯಾರು? ನಾಲ್ಕು ಜನರಿಗೆ ಕಾಣುವುದು ಅಂಗಿ, ಅಂಗಿಯಲ್ಲೂ ಕಾಲರ್. ಈ ಕಾಲರ್ ತನ್ನದಾಗಬೇಕು ಎಂದು ಅವಳು ನಿಶ್ಚಯಿಸಿದ್ದಳು.

ಕೆಲಸ ಸರಳ. ಕಾಲರನ್ನು ಕುತ್ತಿಗೆಪಟ್ಟಿಯಿಂದ ಬಿಚ್ಚಿ, ಸವೆದ ಮುಖ ಕೆಳಗಾಗುವಂತೆ ತಿರುವಿ, ಅದೇ ಜಾಗಕ್ಕೆ ಹೊಲಿಯಬೇಕು. ಇರುವುದು ಎರಡೇ ಮುಖ, ಹಾಗಾಗಿ ಒಂದು ಅಂಗಿಗೆ ಒಂದೇ ಸಲ. ಈ ಹೊಲಿಗೆ ಯಾಕೋ ಬಿರುಸಾಗಿತ್ತು, ದಾರ ಹಲ್ಲಿಗೂ ಜಗ್ಗಲಿಲ್ಲ. ಬ್ಲೇಡಿನಿಂದ ಒಂದೊಂದಾಗಿ ಕತ್ತರಿಸಿ ಕಾಲರ್ ತಿರುವಿದಳು. ಆ ಮುಖ ಇನ್ನೂ ಹೆಚ್ಚು ಸವೆದಿತ್ತು. ಯಾರೋ ಆಗಲೇ ತಿರುವಿ ಹಾಕಿದ್ದರು. ವಾರವಾರವೂ ಆ ಅಂಗಿಯನ್ನು ಒಗೆಯುವ ಅವಳಿಗೇ ಗೊತ್ತಾಗದಂತೆ.

ಅತ್ತಿಗೆಯಲ್ಲದೆ ಇನ್ಯಾರು? ಅಂಗಿ, ಕಾಲರ್ ಎರಡನ್ನೂ ಮುದುರಿಕೊಂಡು ನೇರ ಪಕ್ಕದ ಬೀದಿಗೆ ನಡೆದಳು. ಅತ್ತಿಗೆ ಚಾಪೆಯ ಮೇಲೆ ಕೂತು ಟವೆಲಿನ ಅಂಚು ಮಡಿಸುತ್ತಿದ್ದಳು.

"ತಿರುವೋದು ತಿರುವಿದ್ರಿ ಅತ್ತಿಗೆ, ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅತ್ತಿಗೆ ಕನ್ನಡಕ ಏರಿಸಿ ಕಾಲರನ್ನು ಹಿಂದೆ ಮುಂದೆ ನೋಡಿದಳು. ಅವಳ ಮುಖ ಸಣ್ಣಗಾಯಿತು.

"ಇದು ನಿನ್ನ ಕೆಲಸ ಅಂದ್ಕೊಂಡಿದ್ದೆ ಕಣೇ. ನೋಡಿದ ದಿನ ನಂಗೆ ಊಟ ಸೇರಲಿಲ್ಲ."

ಹಾಗಾದರೆ ಮೂರನೆಯ ಕೈ ಯಾರದು? ಅವನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಲೇಬಲ್ ಅಂಟಿಸುವ ಹೆಂಗಸೊಬ್ಬಳು ಇದ್ದಾಳಲ್ಲ ಎಂದು ಅತ್ತಿಗೆ ನೆನಪಿಸಿದಳು. ಆ ಹೆಂಗಸಿನ ಬಗ್ಗೆ ಅಲ್ಲಿಯವರೆಗೆ ಯೋಚಿಸಿಯೇ ಇರದ ಹೆಂಡತಿ ಈಗ ಬೇರೇನನ್ನೂ ಯೋಚಿಸಲಾರದಾದಳು. ಒಂದೇ ಚಾಪೆಯ ಮೇಲೆ ಅವರಿಬ್ಬರೂ ಒಂದೇ ಕಡೆ ಕೂತದ್ದು ಅದೇ ಮೊದಲು.

ಅಷ್ಟರಲ್ಲಿ ಅತ್ತಿಗೆ ಬಟ್ಟೆಗೆ ಅಂಟಿದ್ದ ದಾರದ ತುಂಡೊಂದನ್ನು ಉಗುರಿನಲ್ಲಿ ತೀಡಿ, ಮೂಸಿದಳು. ಮೇಣ ಹಚ್ಚಿದ ದಾರ. ಪುಸ್ತಕ ಹೊಲಿಯುವ ದಾರ.

ಸಂಜೆ ಬೈಂಡರ್ ಅಕ್ಕನ ಬಾಗಿಲಿಗೆ ಬಂದ. ಚಾಪೆಯ ಮೇಲಿನ ಅಂಗಿ ನೋಡಿ, ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ.

"ಒಳಗೆ ಬಾರೋ," ಎಂದಳು ಅಕ್ಕ.

"ನಿಂಗೆ ಕೊಟ್ರೆ ಇವಳ ಮುಖ ಊದುತ್ತೆ, ಇವಳಿಗೆ ಕೊಟ್ರೆ ನಿಂದು," ಎಂದ ಅವನು. "ಅದಕ್ಕೇ ಪ್ರೆಸ್ಸಲ್ಲೇ ಕೂತು ಮುಗಿಸ್ದೆ."

ಈಗ ಎರಡು ಮುಖವೂ ಕೆಟ್ಟಿದ್ದವು. ಪ್ಯಾಂಟಿನೊಳಗೆ ಸೇರುವ ಅಂಗಿಯ ಹಿಂದಿನ ಚುಂಗಿನಿಂದ ಬಟ್ಟೆ ಕತ್ತರಿಸಿ ಕಾಲರಿಗೆ ಹೊದಿಸಬಹುದು, ಚುಂಗಿಗೆ ಯಾವ ತೇಪೆಯಾದರೂ ನಡೆಯುತ್ತದೆ. ಇದು ಹೆಂಗಸರಿಬ್ಬರಿಗೂ ಹೊಳೆದಿತ್ತು. ಮೊದಲು ಬಾಯಿಬಿಟ್ಟವನು ಅವನು. ಬಾಯಿಬಿಟ್ಟದ್ದಷ್ಟೇ ಅಲ್ಲ, ಅಕ್ಕನ ಕತ್ತರಿ ತೆಗೆದುಕೊಂಡು ಕೂತೇಬಿಟ್ಟ. ಅವನು ಕಾಲರ್ ಕೂಡಿಸಿ ಮುಗಿಸುವವರೆಗೆ ಹೆಂಗಸರಿಬ್ಬರೂ ಅವನ ಬೆರಳುಗಳಿಂದ ಕಣ್ಣು ಕೀಳಲಿಲ್ಲ.

ಅಕ್ಕ ಬಗ್ಗಿ ನೋಡಿದಳು. "ಎಡಗಡೆ ಒಂಚೂರು ವಾರೆ ಬಂದಿದೆ."

ಹೊಲಿಗೆ ಗೆರೆ ಎಳೆದಷ್ಟು ನೇರವಾಗಿತ್ತು. ಹೆಂಡತಿ ಅದನ್ನು ಚೆನ್ನಾಗಿಯೇ ನೋಡಿದಳು.

"ಹೌದು ಅತ್ತಿಗೆ, ಪೂರ್ತಿ ವಾರೆ. ಬಿಚ್ಚಲೇಬೇಕು," ಎಂದು ಬ್ಲೇಡು ಎತ್ತಿಕೊಂಡಳು. ಅತ್ತಿಗೆ ಕಾಲರಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಟ್ಟಳು. ಬಿಚ್ಚಿದ ಮೇಲೆ ಹೊಲಿಯುವವರು ಯಾರು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.