ಒಳಗೇ ನಿಲ್ಲುವ ಗುಂಡು

ಕರ್... ಕರ್... ಕರ್.

ಮೇವಿಸ್ ಕಂಬಳಿಯಿಂದ ತಲೆ ಹೊರಗೆ ಹಾಕಿ ಕಿವಿಗೊಟ್ಟಳು. ಶೆಡ್ಡಿನ ಹಲಗೆಗೋಡೆಯ ಆಚೆ ಯಾರೋ ಅವಸರವಿಲ್ಲದೆ ಬಿಸ್ಕತ್ತು ಕಡಿಯುತ್ತಿದ್ದ ಹಾಗಿತ್ತು. ನಿಂತಿತು. ಮತ್ತೆ ಶುರುವಾಯಿತು. ಟಾರ್ಚು ಹುಡುಕಿ ಬಾಗಿಲು ತೆರೆಯುವಷ್ಟರಲ್ಲಿ ಬಿಳಿ ಬಾಲವೊಂದು ಬೇಲಿಯ ಬುಡದಲ್ಲಿ ಮಾಯವಾಯಿತು. ಈರುಳ್ಳಿ ಜಾತಿಯ, ದಪ್ಪ ಬಿಳಿ ಕಾಂಡದ ಲೀಕ್ ಗಿಡಗಳ ಮಡಿಯಲ್ಲಿ ಕೊನೆಯ ಗಿಡದ ಎಲೆ ಅರ್ಧಕ್ಕೆ ತುಂಡಾಗಿತ್ತು.

ವರ್ಷದ ಲೀಕ್ ಪ್ರದರ್ಶನದ ಸ್ಪರ್ಧೆಗೆ ಇನ್ನು ಮೂರು ವಾರವಿತ್ತು. ಈ ದಿನಗಳಲ್ಲಿ ಊರಿನ ಬೆಳೆಗಾರರು ಯಾರೂ ಮನೆಯಲ್ಲಿ ಮಲಗುವುದಿಲ್ಲ. ಹಿಂದೆ ಯಾರೋ ಹೊಟ್ಟೆಕಿಚ್ಚಿನಿಂದ ರಾತ್ರೋರಾತ್ರಿ ಬಂದು ಒಂದು ಮಡಿಯನ್ನೆಲ್ಲ ಚಾಕುವಿನಿಂದ ಸೀಳಿಹಾಕಿದ್ದರು. ಅಂದಿನಿಂದ ಬೆಳೆಗಾರರ ಸಂಘದ ತೋಟದಲ್ಲಿ ಶೆಡ್ಡಿಗೊಬ್ಬರು ಕಾವಲು. ಮೂವತ್ತು ವರ್ಷ ಈ ಶೆಡ್ಡಿನಲ್ಲಿ ಮಲಗಿದವನು ಅವಳ ಗಂಡ ಆಲನ್. ಫೆಬ್ರವರಿಯಲ್ಲಿ ಅವನು ತೀರಿಕೊಂಡಾಗ ಅಡುಗೆಮನೆಯ ಕಿಟಕಿಯ ಮೇಲೆ ಸಸಿಗಳು ಬೆರಳುದ್ದ ಬೆಳೆದಿದ್ದವು. ಅವನೇ ಆರಿಸಿ ಆರಿಸಿ ಉಳಿಸಿಕೊಂಡು ಬಂದ ತಳಿ ಅದು. ಎಸೆಯಲು ಮೇವಿಸ್‌ಗೆ ಮನಸ್ಸು ಬರಲಿಲ್ಲ. ಈಗ ಅದರಲ್ಲಿ ಎರಡು ಗಿಡ ಅವಳಿಜವಳಿಯಂತೆ ದಪ್ಪಗೆ ನಿಂತಿದ್ದವು. ಪ್ರದರ್ಶನದ ಶನಿವಾರ ಮೇಜಿನ ಮೇಲೆ ಅವನ್ನು ಜೋಡಿಯಾಗಿ ಇಡಬೇಕು, ಅಷ್ಟೇ ಅವಳ ಆಸೆ. ಗೆಲ್ಲುವುದು ಬೇರೆ ಮಾತು.

ಬೆಳಿಗ್ಗೆ ಪಕ್ಕದ ಮಡಿಯ ವಿಲ್ಫ್ ಮಿಲ್ಬರ್ನ್ ಬಂದು ಕಚ್ಚಿದ ಎಲೆಯನ್ನು ಬೆರಳಿನಿಂದ ಸವರಿ ನೋಡಿದ. ಎಂಬತ್ತು ವರ್ಷದ ವಿಲ್ಫ್‌ಗೆ ಕಣ್ಣಿಗಿಂತ ಬೆರಳಿನ ಮೇಲೆ ನಂಬಿಕೆ ಜಾಸ್ತಿ. ರಾತ್ರಿ ಕಿವಿಯ ಯಂತ್ರ ತೆಗೆದಿಟ್ಟ ಮೇಲೆ ಅವನ ಶೆಡ್ಡಿನ ಮೇಲೆ ಮರ ಬಿದ್ದರೂ ಅವನಿಗೆ ಗೊತ್ತಾಗುವುದಿಲ್ಲ. ಆದರೂ ಕಾವಲು ಕಾವಲೇ.

"ಮೊಲ. ಇವತ್ತು ರುಚಿ ನೋಡಿದೆ, ನಾಳೆ ಊಟಕ್ಕೆ ಬರುತ್ತೆ," ಅಂದ. "ಆಲನ್ ಇದ್ದಿದ್ರೆ ಏರ್‌ಗನ್ ಹಿಡಿದು ಕೂತಿರ್ತಿದ್ದ."

"ಅವರ ಏರ್‌ಗನ್ ಆಸ್ಪತ್ರೆಗೆ ಸೇರೋಕೆ ಮುಂಚೆನೇ ಯಾರಿಗೋ ಕೊಟ್ಬಿಟ್ರು."

"ಇನ್ನೊಂದು ತಗೋ. ಮೊಲಾನ ಬೈದು ಓಡಿಸೋಕಾಗುತ್ತಾ, ನಿನ್ನ ಲೈಬ್ರರಿ ಮಕ್ಕಳ ಥರ?"

ಶಾಲೆಯ ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ ಮೇವಿಸ್ ಯಾವುದನ್ನೂ ಓದದೆ ಕೊಂಡವಳಲ್ಲ. ಎರಡು ರಾತ್ರಿ ಕೂತು ಏರ್‌ಗನ್ನುಗಳ ಬಗ್ಗೆ ಓದಿದಳು. ಓದಿದಷ್ಟೂ ತಲೆ ಕೆಟ್ಟಿತು. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ಸೌದೆಗೂ ಬಾರದು ಅನ್ನುತ್ತಿದ್ದರು.

ಪೇಟೆಯ ಬಂದೂಕಿನಂಗಡಿಯಲ್ಲಿ ಟೆಲ್ಫರ್ ಎಂಬ ಬೊಕ್ಕತಲೆಯವನು ಕೌಂಟರಿನ ಮೇಲೆ ಹಸಿರು ಬಟ್ಟೆ ಹಾಸಿದ.

"ಕಾಗದಕ್ಕೆ ಹೊಡೀತೀರೋ, ಮೊಲಕ್ಕೆ ಹೊಡೀತೀರೋ, ಅಮ್ಮಾ?"

"ಮೊದಲು ಕಾಗದ. ಆಮೇಲೆ ಮೊಲ."

"ಅಲ್ಲೇ ಇರೋದು ತೊಂದರೆ. ಕಾಗದಕ್ಕಾದ್ರೆ ನೂರಾ ಎಪ್ಪತ್ತೇಳು. ಗೆರೆ ಎಳೆದ ಹಾಗೆ ನೇರ ಹೋಗುತ್ತೆ. ಮೊಲಕ್ಕಾದ್ರೆ ಇಪ್ಪತ್ತೆರಡು. ಗುಂಡು ದಪ್ಪ."

"ನೂರಾ ಎಪ್ಪತ್ತೇಳು ದೊಡ್ಡದಲ್ವಾ?"

"ಅದು ಚಿಕ್ಕದು."

"ಇಪ್ಪತ್ತೆರಡು?"

"ದೊಡ್ಡದು." ಅವನು ನಗಲಿಲ್ಲ. ದಿನಕ್ಕೆ ನಾಲ್ಕು ಸಲವಾದರೂ ಇದನ್ನು ಹೇಳುವವನಂತೆ ಕಂಡ. "ಅಂಗುಲದಲ್ಲಿ ದಶಾಂಶದ ಲೆಕ್ಕ, ಎರಡರ ಮುಂದೂ ಪಾಯಿಂಟ್ ಇದೆ. ತಲೆ ಕೆಡಿಸ್ಕೋಬೇಡಿ. ಚಿಕ್ಕದು ಒಂದೊಂದ್ಸಲ ತೂರಿಕೊಂಡು ಆಚೆ ಹೋಗ್ಬಿಡುತ್ತೆ. ದಪ್ಪಂದು ಒಳಗೇ ನಿಲ್ಲುತ್ತೆ. ಪ್ರಾಣಿ ನರಳೋದಿಲ್ಲ."

ಗೋಡೆಯ ಮೇಲೆ ಕಪ್ಪಗೆ ಹೊಳೆಯುವುದೊಂದಿತ್ತು. ಮೊದಲೇ ಗಾಳಿ ತುಂಬಿಸಿಟ್ಟುಕೊಳ್ಳುವ ಜಾತಿಯದು. ಕೈಯಲ್ಲಿ ಅಲುಗುವುದೇ ಇಲ್ಲವಂತೆ, ಮೊದಲ ದಿನವೇ ಗುರಿ ಸಿಗುತ್ತದಂತೆ. ಬೆಲೆ ಕೇಳಿದಳು. ಪಂಪು, ಸಿಲಿಂಡರು ಬೇರೆ ಅಂದ. ಅವಳ ಎರಡು ತಿಂಗಳ ಪಿಂಚಣಿ ಮುಗಿಯುತ್ತಿತ್ತು.

"ಬಡವರಿಗೇನೂ ಇಲ್ವಾ?"

ಟೆಲ್ಫರ್ ಒಳಗಿನಿಂದ ಹಳೆಯದೊಂದನ್ನು ತಂದ. ಬೀಚ್ ಮರದ ಹಿಡಿ, ನಳಿಗೆಯನ್ನು ಮಡಿಸಿ ಸ್ಪ್ರಿಂಗ್ ಬಿಗಿಯುವಂಥದು, ಇಪ್ಪತ್ತೆರಡು. ತೊಂಬತ್ತೈದು ಪೌಂಡ್. "ಇದಕ್ಕೆ ಪಂಪೂ ಬೇಡ, ಗಾಳೀನೂ ಬೇಡ. ಆದ್ರೆ ಇದು ಒದೆಯುತ್ತೆ. ಬಿಗಿಯಾಗಿ ಹಿಡಿದ್ರೆ ಕೋಪ ಮಾಡ್ಕೊಂಡು ಎಲ್ಲಿಗೋ ಹೊಡೆಯುತ್ತೆ. ಮಲಗಿರೋ ಬೆಕ್ಕನ್ನ ಎತ್ತಿಕೊಂಡ ಹಾಗೆ ಹಿಡೀಬೇಕು."

ಅವಳು ಎತ್ತಿ ನೋಡಿದಳು, ಇಟ್ಟಳು, ಬಾಗಿಲತನಕ ಹೋದಳು, ತಿರುಗಿ ಬಂದಳು. ಅಗ್ಗದ್ದನ್ನು ಅಗ್ಗವೆಂದೇ ಕೊಳ್ಳುತ್ತಿದ್ದೇನೆಯೇ, ಸರಿಯೆಂದು ಕೊಳ್ಳುತ್ತಿದ್ದೇನೆಯೇ ಎಂಬುದು ಹಣ ಕೊಟ್ಟ ಮೇಲೂ ಅವಳಿಗೆ ತಿಳಿಯಲಿಲ್ಲ.

ಸಂಘದ ಕಾರ್ಯದರ್ಶಿ ನಾರ್ಮನ್ ಹೆಸ್ಲಪ್ ಅನುಮತಿ ಪತ್ರ ಬರೆದುಕೊಟ್ಟ. ಒಂದೇ ಷರತ್ತು: ಗುಂಡು ಯಾವಾಗಲೂ ಮಣ್ಣಿನ ದಿಬ್ಬದ ಕಡೆಗೇ ಹೋಗಬೇಕು, ರಸ್ತೆಯ ಕಡೆಗಲ್ಲ. ದಿಬ್ಬವಿದ್ದದ್ದು ವಿಲ್ಫ್‌ನ ಮಡಿಯ ಹಿಂದೆ.

ವಿಲ್ಫ್‌ನದು ಇನ್ನೊಂದು ಷರತ್ತು. ಹತ್ತು ಪೆನ್ನಿಯ ನಾಣ್ಯವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲು ಎಳೆದು, ದಿಬ್ಬದ ಮುಂದೆ ನಿಲ್ಲಿಸಿದ. "ಇಪ್ಪತ್ತೈದು ಹೆಜ್ಜೆಯಿಂದ ಐದಕ್ಕೆ ಐದೂ ಈ ದುಂಡಿನೊಳಗೆ ಬೀಳ್ಬೇಕು. ಅಲ್ಲೀತನಕ ಮೊಲದ ಹೆಸರೆತ್ತಬೇಡ. ನಮ್ಮಪ್ಪ ನನಗೆ ಹೇಳಿದ್ದೂ ಇದೇ."

ದಿನಾ ಸಂಜೆ ಹೊಡೆದಳು. ನಾಲ್ಕು ಒಳಗೆ ಬೀಳುತ್ತಿದ್ದವು. ಐದನೆಯದು ಬೇರೆಯವರ ಮನೆಗೆ ಹೋದ ಹಾಗೆ ಎಲ್ಲೋ ಹೋಗುತ್ತಿತ್ತು.

"ಅದ್ಯಾಕೆ ಕತ್ತು ಹಿಸುಕ್ತೀಯ ಅದನ್ನ? ಓಡಿಹೋಗಲ್ಲ ಅದು."

"ಕೊನೇದು ಅಂದ ತಕ್ಷಣ ಭಯ ಆಗುತ್ತೆ ವಿಲ್ಫ್."

"ಹಾಗಾದ್ರೆ ಮೊಲದ ಮೇಲೆ ಐದನೇದನ್ನ ಹೊಡೀಬೇಡ ಮಗಳೇ," ಅಂದು ಅವನು ನಕ್ಕ.

ಗುರುವಾರ, ಗಿಡ ಕೀಳುವ ಹಿಂದಿನ ರಾತ್ರಿ, ಮತ್ತೆ ಆ ಸದ್ದು ಬಂತು. ಮೇವಿಸ್ ಮೊಲ ಬೆದರದಂತೆ ಟಾರ್ಚಿಗೆ ಕೆಂಪು ಕಾಗದ ಕಟ್ಟಿ ಬಾಗಿಲ ಸಂದಿಯಲ್ಲಿ ಇಟ್ಟಿದ್ದಳು. ಎರಡು ಮಡಿಗಳ ನಡುವಿನ ಹಾದಿಯಲ್ಲಿ ಮೊಲ ಕಿವಿ ನಿಮಿರಿಸಿ ಕೂತಿತ್ತು, ಅವಳ ಅವಳಿ ಗಿಡಗಳಿಂದ ಒಂದು ಮೊಳ ದೂರ. ಹಿಂದೆ ದಿಬ್ಬ. ಷರತ್ತಿನ ಪ್ರಕಾರ ಎಲ್ಲವೂ ಸರಿಯಾಗಿತ್ತು. ಐದಕ್ಕೆ ಐದು ಒಂದು ದಿನವೂ ಬಿದ್ದಿಲ್ಲ ಎಂಬುದು ನೆನಪಿಗೆ ಬಂತು. ಮೊಲ ಒಂದು ಹೆಜ್ಜೆ ಮುಂದೆ ನೆಗೆಯಿತು. ಅವಳ ಕೈ ಹಿಡಿಯ ಮೇಲೆ ಬಿಗಿಯಿತು.

ಏರ್‌ಗನ್ ಒದೆಯಿತು. ಮೊಲ ಹೋಯಿತು. ದಿಬ್ಬದ ಮಣ್ಣಿಗೆ ಗುಂಡು ಬಿದ್ದರೆ ಬರುವ ಒಣ ಸದ್ದು ಅವಳಿಗೆ ಗೊತ್ತಿತ್ತು. ಇದು ಥಪ್ ಅಂದಿತ್ತು, ಒದ್ದೆಯಾಗಿ.

ಟಾರ್ಚು ಹಿಡಿದು ರಕ್ತ ಹುಡುಕಿದಳು. ಇರಲಿಲ್ಲ. ಬೆಳಕು ವಿಲ್ಫ್‌ನ ಮಡಿಯ ಮೇಲೆ ಹರಿದಾಗ, ಎಲ್ಲಕ್ಕಿಂತ ದಪ್ಪ ಗಿಡದ ಬಿಳಿ ಕಾಂಡದ ಮೇಲೆ ಕಪ್ಪು ಚುಕ್ಕೆ ಕಂಡಿತು. ಕಿರುಬೆರಳ ತುದಿ ಇಟ್ಟಳು. ತೂತು. ಪಕ್ಕದ ಶೆಡ್ಡಿನಿಂದ ವಿಲ್ಫ್‌ನ ಗೊರಕೆ ಬರುತ್ತಿತ್ತು. ಬಾಗಿಲು ತಟ್ಟಬೇಕೆಂದು ಕೈ ಎತ್ತಿದಳು. ತಟ್ಟಿ ಏನು ಹೇಳುವುದು? ಕೈ ಎತ್ತಿಕೊಂಡೇ ಎಷ್ಟು ಹೊತ್ತು ನಿಂತಿದ್ದಳೋ. ಆಮೇಲೆ ಚಳಿಯಾಯಿತೆಂದು ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ವಿಲ್ಫ್ ತಗಡಿನ ತೊಟ್ಟಿಯಲ್ಲಿ ಲೀಕ್ ತೊಳೆಯಲು ಕೂತ. ಮಗುವಿಗೆ ಎರೆಯುವಂತೆ ತೊಳೆಯುತ್ತಾನೆ ಅವನು. ನಾರ್ಮನ್ ಚಹಾ ಹಿಡಿದು ನಿಂತಿದ್ದ. ಮೇವಿಸ್ ತನ್ನ ಗಿಡಗಳ ಮಣ್ಣು ಬಿಡಿಸುತ್ತಿದ್ದಳು, ಮುಖ ತಗ್ಗಿಸಿ. ವಿಲ್ಫ್‌ನ ಹೆಬ್ಬೆರಳು ಕಾಂಡದ ಮೇಲೆ ಒಂದು ಕಡೆ ನಿಂತಿತು. ಮುಂದೆ ಹೋಗಿ, ಮತ್ತೆ ಅಲ್ಲಿಗೇ ಬಂದು ನಿಂತಿತು.

"ಏನಾಯ್ತು?" ಎಂದ ನಾರ್ಮನ್.

"ಬಸವನಹುಳು."

ನಾರ್ಮನ್ ಬಗ್ಗಿ ನೋಡಿದ. "ಬಸವನಹುಳು ಇಷ್ಟು ದುಂಡಗೆ ಕೊರೆಯುತ್ತಾ?"

"ಓದಿರೋ ಹುಳ ಇರ್ಬೇಕು," ಅಂದ ವಿಲ್ಫ್. ಅವನು ಮೇವಿಸ್ ಕಡೆ ನೋಡಲಿಲ್ಲ. ನೋಡಲಿಲ್ಲವೋ, ಅವಳು ಎಲ್ಲಿದ್ದಾಳೆಂದು ಅವನಿಗೆ ಕಾಣಲಿಲ್ಲವೋ.

ಶನಿವಾರ ಪ್ರದರ್ಶನ ನಡೆದ ಕ್ಲಬ್ಬಿನ ಮೇಜಿನ ಮೇಲೆ, ಕಪ್ಪು ಬಟ್ಟೆಯ ಮೇಲೆ, ಆಲನ್‌ನ ತಳಿಯ ಜೋಡಿ ಮೊದಲ ಸ್ಥಾನ ಗೆದ್ದಿತು. ವಿಲ್ಫ್ ತೂತಿನ ಗಿಡ ಬಿಟ್ಟು ಬೇರೆಯದನ್ನು ಇಟ್ಟಿದ್ದ. ಎರಡೂ ಒಂದೇ ಅಳತೆಯಿರಬೇಕಾದ ಜೋಡಿ ಹೊಂದಲಿಲ್ಲ. ಮೂರನೆಯ ಸ್ಥಾನ. ಗೆದ್ದವರ ಟ್ರೋಫಿಯ ಮೇಲೆ ವಿಲ್ಫ್‌ನ ಹೆಸರು ಹನ್ನೊಂದು ಸಲ ಕೆತ್ತಿದ್ದರು, ಆಲನ್‌ನದು ಐದು ಸಲ. ನಾರ್ಮನ್ ಟ್ರೋಫಿಯನ್ನು ಮೇವಿಸ್‌ನ ಕೈಗಿಟ್ಟು, "ಎರಡು ಮಾತಾಡು," ಎಂದ.

"ಒಂದು ವಿಷಯ ಹೇಳ್ಬೇಕು," ಎಂದು ಮೇವಿಸ್ ಶುರುಮಾಡಿದಳು. "ಆ ತೂತು..."

"ಮಾತು ಸಾಕು," ಎಂದು ಮುಂದಿನ ಸಾಲಿನಿಂದ ವಿಲ್ಫ್ ಕೂಗಿದ. "ಗೆದ್ದೋರು ಬಿಯರ್ ಕೊಡಿಸೋದು ಇಲ್ಲಿನ ಪದ್ಧತಿ. ನನ್ನ ಗಂಟಲು ಒಣಗಿದೆ." ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅವಳು ಬಿಯರ್ ಕೊಡಿಸಿದಳು.

ಭಾನುವಾರ ವಿಲ್ಫ್ ತೂತಿನ ಗಿಡವನ್ನು ಪೇಪರಿನಲ್ಲಿ ಸುತ್ತಿಕೊಂಡು ಅವಳ ಮನೆಗೆ ಬಂದ. "ಒಬ್ಬನೇ ತಿಂದು ಮುಗಿಸೋಕಾಗಲ್ಲ. ಹ್ಯಾಮಿನ ಮೂಳೆ ಹಾಕಿ ನಿನ್ನ ಸೂಪು ಮಾಡು," ಎಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಆಲನ್ ಕೂರುತ್ತಿದ್ದಲ್ಲಿ, ಕೂತ.

ಮೇವಿಸ್ ಅಡುಗೆಮನೆಯಲ್ಲಿ ಹೆಚ್ಚತೊಡಗಿದಳು. ಪದರದ ಮೇಲೆ ಪದರ, ಬಿಳಿ ಬಳೆಗಳಂತೆ. ನಡುವಿಗೆ ಬಂದಾಗ ಚಾಕು ಟಿಕ್ ಅಂದಿತು. ತಲೆ ಚಪ್ಪಟೆಯಾದ ಸೀಸದ ಗುಂಡು ಒಳಗೇ ನಿಂತಿತ್ತು.

"ಹುಳ ಎಷ್ಟು ದೂರ ಹೋಗಿತ್ತು?" ಆಚೆಯಿಂದ ವಿಲ್ಫ್‌ನ ದನಿ.

ಅವಳು ಗುಂಡನ್ನು ಅಂಗೈಗೆ ಎತ್ತಿಕೊಂಡಳು. "ನಡುವಿನ ತನಕ."

"ಸಿಕ್ತಾ?"

"ಇಲ್ಲ," ಅಂದಳು. ಗುಂಡು ಅಂಗೈಯಲ್ಲಿ ತಣ್ಣಗಿತ್ತು.

"ಸಿಗಲ್ಲ ಬಿಡು. ಉಪ್ಪು ಕಮ್ಮಿ ಹಾಕು, ನನಗೆ ಬಿ.ಪಿ."

ಅವನಿಗೆ ಗೊತ್ತಿದೆಯೇ? ಗೊತ್ತಿದ್ದರೆ ಈ ಗಿಡವನ್ನೇ ಏಕೆ ತಂದ? ಗೊತ್ತಿಲ್ಲದಿದ್ದರೆ ಹಾಗೇಕೆ ಕೇಳಿದ? ಬಾಗಿಲಿನಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಸವೆದ ಕೋಟು, ಕಿವಿಯ ಹಿಂದಿನ ಯಂತ್ರ. ಆ ಬೆನ್ನಿನಿಂದ ಅವಳಿಗೆ ಏನೂ ತಿಳಿಯಲಿಲ್ಲ. ಹೇಳಿದರೆ ಅವಳ ಎದೆ ಹಗುರಾದೀತು. ಆದರೆ ನಾರ್ಮನ್‌ನ ಮುಂದೆ ಬಸವನಹುಳು ಎಂದವನ ಮಾತು ಏನಾಗಬೇಕು?

ಅವಳು ಕಪಾಟಿನ ಬೀಗ ತೆಗೆದಳು. ಏರ್‌ಗನ್ನಿನ ಪಕ್ಕದಲ್ಲಿ ಗುಂಡುಗಳ ಡಬ್ಬಿ. ಮುಚ್ಚಳ ತಿರುಗಿಸಿ, ಹೊಸ ಗುಂಡುಗಳ ನಡುವೆ ಆ ಚಪ್ಪಟೆಯಾದದ್ದನ್ನು ಹಾಕಿದಳು. ನಾರ್ಮನ್‌ಗೂ ಇಲ್ಲ, ಫೋನು ಮಾಡುವ ತಂಗಿಗೂ ಇಲ್ಲ, ವಿಲ್ಫ್ ತಾನಾಗಿ ಕೇಳಿದರೂ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಡಬ್ಬಿಯನ್ನು ಒಮ್ಮೆ ಮೆಲ್ಲಗೆ ಅಲ್ಲಾಡಿಸಿದಳು. ಯಾವುದು ಯಾವುದೆಂದು ಸದ್ದಿನಿಂದ ಗೊತ್ತಾಗುತ್ತಿರಲಿಲ್ಲ.

ಒಲೆಯ ಮೇಲೆ ಸೂಪು ಕುದಿಯಲು ಶುರುವಾಗಿತ್ತು. ಅವಳು ಎರಡು ಬಟ್ಟಲು ತೆಗೆದಿಟ್ಟಳು.