ಬ್ರೈಡಲ್‌ನೊಳಗಿನ ಏಲ್

ಸ್ಕಿಪ್ಟನ್ ಪೇಟೆಯಲ್ಲಿ ಮದುವಣಗಿತ್ತಿಯರ ಗೌನು ಬೇಕೆಂದರೆ ಮ್ಯೂರಿಯಲ್ ಓಲ್ಡ್‌ರಾಯ್ಡ್ ಅವರ ಅಂಗಡಿಗೇ ಬರಬೇಕು. ಬಾಗಿಲ ಮೇಲೆ ‘ಓಲ್ಡ್‌ರಾಯ್ಡ್ ಬ್ರೈಡಲ್ಸ್’ ಎಂಬ ಬೋರ್ಡು. ಒಳಗೆ ಲೇಸು ಹಚ್ಚುವವಳು ನಾನು. ಮ್ಯೂರಿಯಲ್ ಮೆಥಡಿಸ್ಟ್ ಚಾಪೆಲ್ಲಿನ ಕಟ್ಟಾ ಭಕ್ತೆ, ಮದ್ಯವೆಂದರೆ ಮಾರು ದೂರ. ಮಗಳು ಬ್ರಯೊನಿ ಮೆಚ್ಚಿದ್ದು ಮಾತ್ರ ಏಲ್ ಬಿಯರು ತಯಾರಿಸುವ ಕ್ಲೆಮ್ ಸಗ್ಡನ್‌ನ ಮಗನನ್ನು.

ಹುಡುಗ ಒಳ್ಳೆಯವನೆಂದು ಮ್ಯೂರಿಯಲ್ ಒಪ್ಪಿದರು. ಆದರೆ ಮದುವೆಯೂಟಕ್ಕೆ ಬರೀ ಚಹಾ ಎಂದುಬಿಟ್ಟರು. ಮರುದಿನ ಬೆಳಿಗ್ಗೆಯೇ ಕ್ಲೆಮ್ ಅಂಗಡಿಗೆ ಬಂದ.

“ಬೀಗತಿಯವ್ರೇ, ಏಲ್ ಬೇಡ ಅಂದ್ರಂತೆ. ನಿಮ್ಮ ಬೋರ್ಡಲ್ಲೇ ಇದೆಯಲ್ಲ?”

“ಬೆಳಗ್ಗೇನೇ ಏರಿಸ್ಕೊಂಡು ಬಂದ್ರಾ?”

“ಇಲ್ಲ ತಾಯಿ. ಬ್ರೈಡ್ ಅಂದ್ರೆ ಮದುಮಗಳು. ಅದರ ಕೊನೇಲಿರೋ ‘ಅಲ್’ ಬರೀ ಬಾಲ ಅಲ್ಲ, ಏಲ್. ಬ್ರೈಡ್-ಏಲ್. ಹಿಂದೆ ಮದುವೆ ಊಟಕ್ಕೇ ಆ ಹೆಸರಿತ್ತು. ಇಷ್ಟು ವರ್ಷ ನಮ್ಮ ಸರಕಿಗೆ ಪುಕ್ಕಟೆ ಜಾಹೀರಾತು ಕೊಟ್ಟಿದೀರ, ಉಪಕಾರ ಆಯ್ತು.”

ನಾನು ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಗು ತಡೆದೆ.

“ನಿನಗೇನೇ ನಗು? ಲೇಸು ನೋಡು,” ಎಂದರು ಮ್ಯೂರಿಯಲ್. ಮಧ್ಯಾಹ್ನ ಅಂಗಡಿ ನನಗೆ ಒಪ್ಪಿಸಿ ಲೈಬ್ರರಿಗೆ ಹೋದರು. ಸಂಜೆ ಬಂದು ಹ್ಯಾಟು ತೆಗೆಯದೆ ಕುಳಿತರು.

“ಅವ್ನು ಹೇಳಿದ್ದು ನಿಜ ಕಣೆ.”

“ಹಾಗಾದ್ರೆ ಬೋರ್ಡು ಇಳಿಸೋಣ್ವಾ?” ನಾನೂ ಸ್ವಲ್ಪ ಕೆಣಕಿದೆ.

“ಸುಮ್ನಿರು. ಅವ್ನು ಓದಿರೋದು ಅರ್ಧ. ನಾನು ಪೂರ್ತಿ ಓದಿ ಬಂದಿದೀನಿ.” ಕುಳಿತಲ್ಲಿಂದಲೇ ಕ್ಲೆಮ್‌ಗೆ ಫೋನು ಮಾಡಿದರು. “ಬೀಗರೇ, ಏಲ್ ಇರ್ಲಿ. ಆದ್ರೆ ಹಳೇ ಪದ್ಧತಿ ಪ್ರಕಾರಾನೇ ಆಗ್ಬೇಕು. ಆಗೆಲ್ಲ ನೆಂಟರು ದುಡ್ಡು ಕೊಟ್ಟು ಕುಡೀತಿದ್ರು, ಆ ದುಡ್ಡು ಮದುಮಗಳಿಗೆ ಹೋಗ್ತಿತ್ತು. ಪೀಪಾಯಿ ನಿಮ್ದು, ಕಾಸು ನನ್ನ ಮಗಳದು.”

ಆ ಕಡೆಯಿಂದ ಕ್ಲೆಮ್ ಕೇಳಿದ್ದು ನನಗೂ ಕೇಳಿಸಿತು: “ಮತ್ತೆ ನಾನು?”

“ನೀವೂ ಕೊಟ್ಟೇ ಕುಡೀಬೇಕು.”

ಮದುವೆಯೂಟ ಕ್ಲೆಮ್‌ನ ಧಾನ್ಯದ ಉಗ್ರಾಣದಲ್ಲೇ ನಡೆಯಿತು. ಮ್ಯೂರಿಯಲ್ ಹಂದಿಮಾಂಸದ ಪೈ ತಿನ್ನುತ್ತ, ದುಡ್ಡು ಹಾಕಿಸಿಕೊಳ್ಳಲು ಖಾಲಿ ಬಿಸ್ಕತ್ತಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಪೀಪಾಯಿಯ ಪಕ್ಕದಲ್ಲೇ ಕುಳಿತರು. ಯಾರನ್ನೂ ಬಿಡಲಿಲ್ಲ, ಚಿಲ್ಲರೆ ಇಲ್ಲವೆಂದ ಪಾದ್ರಿಯನ್ನೂ ಬಿಡಲಿಲ್ಲ. ಕ್ಲೆಮ್ ಮತ್ತೆ ಮತ್ತೆ ಬಂದು ತನ್ನದೇ ಏಲಿಗೆ ದುಡ್ಡು ತೆತ್ತ.

“ಒಂದ್ ಗುಟುಕು ನೋಡ್ತೀರಾ?” ಎಂದು ಗ್ಲಾಸು ಚಾಚಿದ. ಅವರು ಮೂಸಿ ನೋಡಿದರು.

“ಹುಳಿ ಬಂದ ಹಿಟ್ಟಿನ ವಾಸನೆ. ಇದಕ್ಕಾ ಇಷ್ಟು ಗಲಾಟೆ?”

ಅಷ್ಟರಲ್ಲಿ ಪಿಟೀಲು ಶುರುವಾಯಿತು. ಕ್ಲೆಮ್ ಗ್ಲಾಸು ಕೆಳಗಿಟ್ಟು ಕೈ ಚಾಚಿದ. ಮ್ಯೂರಿಯಲ್ ಆ ಕಡೆ ಈ ಕಡೆ ನೋಡಿ, ಡಬ್ಬಿಯನ್ನು ನನ್ನ ಕೈಗಿತ್ತು ಎದ್ದರು.

“ಕಾಲು ತುಳಿದ್ರೆ ದಂಡ ಹಾಕ್ತೀನಿ,” ಎನ್ನುತ್ತಲೇ ಕುಣಿಯಲು ಹೋದರು.