ರುಚಿ ನೋಡದ ಪರೀಕ್ಷೆ

ಕಸ್ಮಾನ್ ಹತ್ತಿರದ ಸಮುದಾಯ ಕಾಲೇಜಿಗೆ ಸೇರಿದ್ದು ಏಸಿ ರಿಪೇರಿ ಕಲಿಯಲಿಕ್ಕೆ ಎಂದು ಇಡೀ ಊರು ನಂಬಿತ್ತು. ನಂಬಿಸಿದವನು ಅವನೇ. ಜೀವಮಾನವೆಲ್ಲ ಲಾರಿ ಓಡಿಸಿ, ಸೊಂಟ ಸೋತು ಮನೆ ಹಿಡಿದಿದ್ದ ಗಂಡಸಿಗೆ ಈ ವಯಸ್ಸಿನಲ್ಲಿ ಓದುವ ಹುಚ್ಚು ಯಾಕೆ ಹಿಡಿಯಿತೋ ಎಂದು ಜನ ನಕ್ಕರು, ನಕ್ಕು ಸುಮ್ಮನಾದರು. ಕಾಲೇಜಿನಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ಮೇಲಿನ ಮಹಡಿಯಲ್ಲಿ ಲೆಕ್ಕಶಾಸ್ತ್ರ, ಕಂಪ್ಯೂಟರ್, ಇಂಗ್ಲಿಷ್ ಓದಿಕೊಂಡು ಮುಂದೆ ಯೂನಿವರ್ಸಿಟಿಗೆ ಹೋಗುವ ಹುಡುಗ ಹುಡುಗಿಯರು. ಕೆಳಗೆ ಹೊಲಿಗೆ, ವೈರಿಂಗ್, ಏಸಿ. ಏಸಿಯ ಬಾಗಿಲು ದಾಟಿ ಮುಂದೆ ಹೋದರೆ ಅಡುಗೆ ವಿಭಾಗ. ಕಸ್ಮಾನ್ ದಿನವೂ ಆ ಬಾಗಿಲು ದಾಟಿ ಮುಂದೆಯೇ ಹೋಗುತ್ತಿದ್ದ.

ಸುಳ್ಳಿನ ಫಲ ಬೇಗನೆ ಸಿಕ್ಕಿತು. ಊರಿಗೆಲ್ಲ ಅವನು ಪಾಕ್ ಚಿಕ್, ಎಂದರೆ ಚಿಕ್ಕಪ್ಪ; ಹೆಂಡತಿ ಮಕ್ ಚಿಕ್. ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ ಕೂಗುತ್ತಿದ್ದರು.

"ಪಾಕ್ ಚಿಕ್, ನಮ್ಮನೆ ಏಸಿ ನೀರು ಸೋರ್ತಾ ಇದೆ, ಒಂಚೂರು ನೋಡ್ತೀರಾ?"

"ನೀರು ಸೋರೋದು ಇನ್ನೂ ಪಾಠಕ್ಕೆ ಬಂದಿಲ್ಲಪ್ಪ," ಎಂದು ಅವನು ಜಾರಿಕೊಳ್ಳುತ್ತಿದ್ದ.

"ಮತ್ತೆ ಏನು ಬಂದಿದೆ?"

"ಸದ್ಯಕ್ಕೆ ಸ್ವಿಚ್ಚು."

ಇಷ್ಟೆಲ್ಲ ನಾಟಕ ಹೆಂಡತಿ ರುಬಿಯಾಳಿಗಾಗಿ. ರಂಜಾನ್ ಸಂತೆಯಲ್ಲಿ ಅವಳ ಸೆರಿ ಮುಕಾ ಎಂದರೆ ಜನ ಮುಗಿಬೀಳುತ್ತಿದ್ದರು. ಕೆಳಗೆ ಉಪ್ಪು ಬೆರೆಸಿದ ಅಂಟಕ್ಕಿ ಅನ್ನ, ಮೇಲೆ ಕಾಯಿಹಾಲು ಮತ್ತು ಪಾಂಡನ್ ಎಲೆಯ ರಸದ ಹಸಿರು ಸಿಹಿ ಪದರ. ಉಪವಾಸದ ತಿಂಗಳಲ್ಲಿ ಮಾಡುವವಳು ರುಚಿ ನೋಡುವಂತಿಲ್ಲ. ನಾಲಿಗೆ ತುದಿಗೆ ತಾಗಿಸಿ ಉಗಿದರೆ ತಪ್ಪಿಲ್ಲ ಎಂದು ಉಸ್ತಾದರು ಹೇಳಿದ್ದರೂ ರುಬಿಯಾ ಅದನ್ನು ಹೇಡಿಗಳ ದಾರಿ ಎನ್ನುತ್ತಿದ್ದಳು. ಆವಿಯ ಪಾತ್ರೆಯ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಉಪ್ಪು, ಸಿಹಿ, ಬೆಂದದ್ದು, ಬೇಯದ್ದು ಎಲ್ಲ ಅವಳಿಗೆ ತಿಳಿಯುತ್ತಿತ್ತು.

ಹೋದ ವರ್ಷ ರಂಜಾನಿಗೆ ಮೊದಲು ಅವಳಿಗೆ ಜ್ವರ ಬಂದು ಹೋಯಿತು. ಆಮೇಲೆ ಒಂದು ದಿನ, ಹಳಸಿದ ಕಾಯಿಹಾಲಿನಲ್ಲಿ ಮಾಡಿದ ಸೆರಿ ಮುಕಾ ಅವಳ ಅಂಗಡಿಯಿಂದ ಊರಿಗೆಲ್ಲ ಹಂಚಿಹೋಯಿತು. ಮರುದಿನ ಗಿರಾಕಿಗಳು ಮುಖ ಗಂಟಿಕ್ಕಿಕೊಂಡು ಬಂದರು. ರುಬಿಯಾ ನೇರ ಹಾಲು ಕೊಟ್ಟವನ ಅಂಗಡಿಗೆ ಹೋಗಿ ರಂಪ ಮಾಡಿದಳು. ಈ ವರ್ಷ ಮಂಡಿನೋವು, ಅಂಗಡಿ ಹಾಕುವುದಿಲ್ಲ ಎಂದುಬಿಟ್ಟಳು. ಅದೇ ಮಂಡಿಯಲ್ಲಿ ತೆಂಗಿನ ಮರದ ಬುಡಕ್ಕೆ ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಳು. ಕಸ್ಮಾನನಿಗೆ ಅವಳ ಮೂಗಿನ ಮೇಲೆ ಅನುಮಾನವಿತ್ತು. ಕೇಳುವ ಧೈರ್ಯವಿರಲಿಲ್ಲ. ತಾನೇ ತಿಂಡಿ ಕಲಿತರೆ ಅವಳು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ, ಅಂಗಡಿಯೂ ಉಳಿಯುತ್ತದೆ ಎಂದುಕೊಂಡು ಕಾಲೇಜಿಗೆ ಸೇರಿದ.

ಕಾಲೇಜು ಶುರುವಾದ ಕೆಲವೇ ದಿನಕ್ಕೆ ಅನುಮಾನ ಖಾತ್ರಿಯಾಯಿತು. ಪಾಂಡನ್ ಎಲೆ ಅರೆದು ಅರೆದು ಅಂಗಿಯೆಲ್ಲ ಘಮಘಮ ಎನ್ನುತ್ತಿತ್ತು. ಇವತ್ತು ಸಿಕ್ಕಿಬಿದ್ದೆ ಎಂದುಕೊಂಡೇ ಮನೆಗೆ ಬಂದ. ರುಬಿಯಾ ಅಂಗಿ ಇಸಿದುಕೊಂಡು, ಮುಖದ ಹತ್ತಿರ ಹಿಡಿದು, ಮೂಗು ಸಿಂಡರಿಸಿ, ಗಂಡನನ್ನು ಎಂದಿನಂತೆ ಬಾಂಗ್ ಎಂದು ಕರೆದು ಗದರಿದಳು.

"ಥೂ ಬಾಂಗ್, ಅದೆಂಥ ಗ್ಯಾಸಿನ ನಾತ! ಇದನ್ನ ಬೇರೆ ಬಟ್ಟೆ ಜೊತೆ ಹಾಕಲ್ಲ, ಆಯ್ತಾ?"

ಕಸ್ಮಾನ್ ಹಿತ್ತಲಿಗೆ ಹೋಗಿ ಸುಮ್ಮನೆ ಕೂತ.

ಕೊನೆಯ ಪ್ರಾಯೋಗಿಕ ಪರೀಕ್ಷೆ ರಂಜಾನಿನ ಮೊದಲ ವಾರಕ್ಕೇ ಬಂತು. ಉಪವಾಸ ಶುರುವಾದಾಗಿನಿಂದ ಅಲ್ಲಿಯವರೆಗೆ ಕ್ಲಾಸನ್ನು ಕಾಪಾಡಿದವಳು ಜೊತೆಗೆ ಕಲಿಯುತ್ತಿದ್ದ ಲೆಚುಮಿ. ಅವಳೊಬ್ಬಳಿಗೆ ಉಪವಾಸವಿರಲಿಲ್ಲ. ಎಲ್ಲರ ಚಮಚವೂ ಅವಳ ಬಾಯಿಗೇ. "ನಿಮ್ಮ ಉಪವಾಸದಲ್ಲಿ ನಾನು ದಪ್ಪ ಆಗ್ತಿದೀನಿ ಕಣ್ರೀ, ನನ್ನ ಗಂಡನಿಗೆ ನೀವೇ ಉತ್ತರ ಕೊಡಿ," ಎಂದು ಗೊಣಗುತ್ತಲೇ ರುಚಿ ಹೇಳುತ್ತಿದ್ದಳು. ಪರೀಕ್ಷೆಯ ದಿನ ಆ ದಾರಿ ಬಂದ್. ಹೇಳಿಕೊಡುವ ಹನೀಮ್ ಮೇಡಂ, ಎಲ್ಲರ ಬಾಯಲ್ಲಿ ಚೆಗು ಹನೀಮ್, ತಾವೂ ಉಪವಾಸ. ಹಾಗಾಗಿ ಮಧ್ಯಾಹ್ನ ಮಾಡಿದ್ದಕ್ಕೆ ಅಂಕ ಸೂರ್ಯ ಮುಳುಗಿದ ಮೇಲೆ, ಮನೆಯವರನ್ನೂ ಕರೆದು ಉಪವಾಸ ಬಿಡುವ ಹೊತ್ತಿಗೆ. ಅವರು ಎಲ್ಲರ ಮನೆಗೂ ಫೋನು ಮಾಡಿದ್ದರು. ಕಸ್ಮಾನನಿಗೆ ಅದು ಗೊತ್ತಾದದ್ದು ರುಬಿಯಾ ಹೊಸ ಬಾಜು ಕುರುಂಗ್ ಹಾಕಿಕೊಂಡು ಕಾಲೇಜಿನ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ.

ಅವಳು ಗಂಡನ ಏಪ್ರನ್ ನೋಡಿದಳು, ಟೊಪ್ಪಿ ನೋಡಿದಳು.

"ಏಸಿ ಎಲ್ಲಿ ಬಾಂಗ್?"

"ಅದು... ಗೋಡೆ ಮೇಲಿದೆ," ಎಂದ ಕಸ್ಮಾನ್.

ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಕೇಳಿಸಿತು. ಖರ್ಜೂರ, ನೀರು ಆಯಿತು. ಚೆಗು ಹನೀಮ್ ಎಲ್ಲರೂ ಮಾಡಿದ ಸೆರಿ ಮುಕಾದ ತಟ್ಟೆಗಳನ್ನು ನಂಬರ್ ಚೀಟಿ ಹಚ್ಚಿ ಮೇಜಿನ ಮೇಲೆ ಜೋಡಿಸಿ ರುಬಿಯಾಳ ಕೈ ಹಿಡಿದರು.

"ಮಕ್ ಚಿಕ್, ನಿಮ್ಮ ಸೆರಿ ಮುಕಾ ತಿಂದೇ ಬೆಳೆದವಳು ನಾನು. ಇವತ್ತು ಮೊದಲ ತುತ್ತು ನಿಮ್ದು. ಯಾವುದು ಚೆನ್ನಾಗಿದೆ ನೀವೇ ಹೇಳ್ಬೇಕು."

ಕಸ್ಮಾನ್ ನಡುವೆ ಬಾಯಿ ಹಾಕಿದ. "ಅವಳಿಗೆ ಮಂಡಿನೋವು," ಎಂದುಬಿಟ್ಟ.

"ಮಂಡೀಲಿ ತಿಂತಾರಾ ಪಾಕ್ ಚಿಕ್?" ಎಂದಳು ಲೆಚುಮಿ. ಎಲ್ಲರೂ ಗೊಳ್ಳೆಂದು ನಕ್ಕರು.

ರುಬಿಯಾ ನಗಲಿಲ್ಲ. ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಜಗಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಮುಗಿದುಹೋಗುತ್ತಿತ್ತು. ಅವಳು ಚಮಚ ಕೆಳಗಿಟ್ಟಳು.

"ನಂಗೆ ಗೊತ್ತಾಗಲ್ಲ ಮಗಳೇ. ಹೋದ ವರ್ಷ ಜ್ವರ ಬಂದಾಗಿಂದ ವಾಸನೆನೂ ಇಲ್ಲ, ರುಚಿನೂ ಇಲ್ಲ. ಆ ಹಾಲು ಹಳಸಿತ್ತು ಅಂತ ತಿಳೀಲೇ ಇಲ್ಲ ನಂಗೆ. ಪಾಪ, ಹಾಲಿನವನ ಮೇಲೆ ಸುಮ್ಸುಮ್ನೆ ಕೂಗಾಡ್ದೆ."

ರುಬಿಯಾ ಗಂಡನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತು, ಅಲ್ವಾ?"

"ಹೂಂ."

"ಯಾವಾಗಿಂದ?"

"ಅಂಗಿಗೆ ಗ್ಯಾಸಿನ ನಾತ ಅಂದ್ಯಲ್ಲ, ಆವತ್ತಿಂದ. ಅದು ಪಾಂಡನ್ ಘಮ, ರುಬಿಯಾ."

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ಹೆಗಲು ಮಾತ್ರ ಅಲುಗುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ಇದರಲ್ಲಿ ನಿಮ್ದು ಯಾವುದು?"

ಅವನು ತೋರಿಸಿದ.

"ತಿನ್ನಿ. ತಿಂದು ಹೇಳಿ. ಇನ್ನು ಸುಳ್ಳು ಸಾಕು."

ಕಸ್ಮಾನ್ ತಿಂದ. ಚೆಗು ಹನೀಮ್ ಕೈಯಲ್ಲಿ ಪೆನ್ನು ಹಿಡಿದು ನಿಂತಿದ್ದರು. ಇಷ್ಟು ತಿಂಗಳ ಓದು, ಸರ್ಟಿಫಿಕೇಟು ಎಲ್ಲ ಆ ಪೆನ್ನಿನಲ್ಲಿತ್ತು. ಆದರೂ ಹೆಂಡತಿಯ ಮುಖ ನೋಡಿ ಅವನು ಇದ್ದದ್ದನ್ನೇ ಹೇಳಿದ.

"ಅನ್ನಕ್ಕೆ ಉಪ್ಪು ಸಾಲದು. ಸಪ್ಪೆ."

ರುಬಿಯಾ ಅದೇ ತಟ್ಟೆಯಿಂದ ಒಂದು ತುಂಡು ಕಚ್ಚಿದಳು. "ಅನ್ನ ಆರಿದ ಮೇಲೆ ಒತ್ತಿದ್ದೀರಿ. ಬಿಸಿ ಇರೋವಾಗ್ಲೇ ಬಾಳೆಎಲೆ ಇಟ್ಟು ಗಟ್ಟಿಯಾಗಿ ಒತ್ಬೇಕು. ಪದರ ಬಿಟ್ಕೊಳ್ತಿದೆ ನೋಡಿ. ಇದು ಹಲ್ಲಿಗೇ ಗೊತ್ತಾಗುತ್ತೆ. ನಾಳೆ ಒತ್ತೋದು ನಾನು, ಮೂಸೋದು ನೀವು."

"ನಾಳೆ... ಅಂಗಡಿಗಾ?" ಎಂದ ಕಸ್ಮಾನ್.

"ಮತ್ತೆ, ಏಸಿ ರಿಪೇರಿಗಾ?"

ಚೆಗು ಹನೀಮ್ ಪಾಸಿಗೆ ಎಷ್ಟು ಬೇಕೋ ಅಷ್ಟೇ ಅಂಕ ಬರೆದರು. ಮೇಜಿನ ಸುತ್ತ ಮಾತು, ನಗು ಮತ್ತೆ ಶುರುವಾಯಿತು. ರುಬಿಯಾ ಮಾತ್ರ ಗಂಡನ ತಟ್ಟೆಯನ್ನು ಎದುರಿಗೆ ಎಳೆದುಕೊಂಡು, ಒಂದೊಂದೇ ತುಂಡು ತಿನ್ನುತ್ತಾ ಕೂತಿದ್ದಳು.

"ಬಿಡೇ, ರುಚಿನೇ ಗೊತ್ತಾಗಲ್ಲ, ಯಾಕೆ ತಿಂತೀಯ?" ಎಂದ ಕಸ್ಮಾನ್.

"ಸುಮ್ನಿರಿ," ಎಂದು ಅವಳು ತಟ್ಟೆ ಖಾಲಿ ಮಾಡಿದಳು.